ಅಕ್ಷರದಿಂದ ಬೇರೆಯಾದ ಚಿತ್ರ: ಕಾಸರಗೋಡಿನ ಕನ್ನಡ ಮಕ್ಕಳ ಪುಸ್ತಕಗಳು ಮತ್ತು ಚಿತ್ರಕಾರನ ಕಸುಬು

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಮಗುವಿನ ಚೀಲದಲ್ಲಿ ಎರಡು ಬಗೆಯ ಚಿತ್ರಗಳಿರುತ್ತವೆ. ಕನ್ನಡ ಭಾಷಾ ಪಠ್ಯದ ಚಿತ್ರಗಳು ಆಯಾ ಕನ್ನಡ ಪಾಠಕ್ಕೆಂದೇ ಆಯ್ದವು ಅಥವಾ ಬರೆಸಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಪುಸ್ತಕಗಳ ಚಿತ್ರಗಳಾದರೋ ರಾಜ್ಯಕ್ಕೆಲ್ಲ ಸಮಾನವಾದವು. ಮಲಯಾಳಂ ಆವೃತ್ತಿಯಲ್ಲಿಯೂ ಕನ್ನಡ ಆವೃತ್ತಿಯಲ್ಲಿಯೂ ಚಿತ್ರ ಅದೇ, ಸುತ್ತಲಿನ ಅಕ್ಷರ ಮಾತ್ರ ಬೇರೆ. ಈ ವ್ಯತ್ಯಾಸವನ್ನು ಕೇವಲ ಆಡಳಿತದ ಅನುಕೂಲವೆಂದು ಬಗೆದು ಮುಂದೆ ಸಾಗುವುದು ಸುಲಭ. ಆದರೆ ಇದರ ಹಿಂದೆ ಕರಾವಳಿಯ ಮುದ್ರಣದ ಸುಮಾರು ನೂರಎಂಬತ್ತು ವರ್ಷಗಳ ಇತಿಹಾಸವಿದೆ. ಚಿತ್ರವೂ ಅಕ್ಷರವೂ ಹಂತಹಂತವಾಗಿ ಒಂದರಿಂದೊಂದು ಬೇರೆಯಾದ ಕಥೆ ಅದು. ಮಕ್ಕಳ ಪುಸ್ತಕದ ಚಿತ್ರಕಾರನ ಕಸುಬಿನ ಸ್ವರೂಪವನ್ನು ನಿರ್ಧರಿಸಿದ್ದೂ ಈ ಬೇರ್ಪಡೆಯೇ.

ಕಲ್ಲಚ್ಚು: ಒಂದೇ ಕೈಯ ಕೆಲಸ

ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿದರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರತಂದ ‘ಮಂಗಳೂರು ಸಮಾಚಾರ’ ಇದೇ ವಿಧಾನದ ಫಲ. ಅದೇ ಮಿಷನ್ನಿನ ಹರ್ಮನ್ ಗುಂಡರ್ಟ್ ತಲಶ್ಶೇರಿಯ ಇಲ್ಲಿಕುನ್ನಿನಿಂದ 1847ರಲ್ಲಿ ‘ರಾಜ್ಯಸಮಾಚಾರಂ’ ಮತ್ತು ‘ಪಶ್ಚಿಮೋದಯಂ’ ಎಂಬ ಮಲಯಾಳಂ ಪತ್ರಿಕೆಗಳನ್ನು ಪ್ರಕಟಿಸಿದರು. ಉತ್ತರಕ್ಕೆ ಮಂಗಳೂರು, ದಕ್ಷಿಣಕ್ಕೆ ತಲಶ್ಶೇರಿ. ಆಧುನಿಕ ಕನ್ನಡ ಮತ್ತು ಮಲಯಾಳಂ ಮುದ್ರಣದ ಈ ಎರಡು ನೆಲೆಗಳ ನಡುವೆ ಕಾಸರಗೋಡು ಇದೆ.

ಕಲ್ಲಚ್ಚಿನಲ್ಲಿ ಬರೆಹಕ್ಕೂ ಚಿತ್ರಕ್ಕೂ ತಾಂತ್ರಿಕ ಭೇದವಿಲ್ಲ. ಜಿಡ್ಡಿನ ಮಸಿಯಿಂದ ಬರೆದ ಗೆರೆ ಕಲ್ಲಿನ ಮೇಲೆ ನಿಲ್ಲುತ್ತದೆ. ಉಳಿದ ಭಾಗ ನೀರನ್ನು ಹೀರಿ ಮುದ್ರಣದ ಮಸಿಯನ್ನು ತಿರಸ್ಕರಿಸುತ್ತದೆ. ಆ ಗೆರೆ ‘ಅ’ಕಾರವಾಗಿದ್ದರೂ ಆನೆಯ ಸೊಂಡಿಲಾಗಿದ್ದರೂ ಕಲ್ಲಿಗೆ ಒಂದೇ. ಲಿಪಿಕಾರ ಮತ್ತು ಚಿತ್ರಕಾರ ಒಬ್ಬನೇ ಆಗಿರಲು ಅಲ್ಲಿ ಅವಕಾಶವಿತ್ತು. ಸೀಸದ ಅಚ್ಚುಮೊಳೆ ಬಳಕೆಗೆ ಬಂದಾಗ ಈ ಐಕ್ಯ ಮುರಿಯಿತು. ಅಕ್ಷರ ಮೊಳೆ ಜೋಡಿಸುವವನ ಪಾಲಾಯಿತು. ಚಿತ್ರ ಮರದ ಅಚ್ಚು ಕೊರೆಯುವವನ, ಮುಂದೆ ಬ್ಲಾಕ್ ತಯಾರಕನ ಪಾಲಾಯಿತು.

ಬ್ಲಾಕಿನ ಅರ್ಥಶಾಸ್ತ್ರ

ಇಪ್ಪತ್ತನೆಯ ಶತಮಾನದ ಬಹುಭಾಗ ಕನ್ನಡ ಮಕ್ಕಳ ಪುಸ್ತಕದ ಚಿತ್ರವೆಂದರೆ ಸತುವಿನ ಲೈನ್ ಬ್ಲಾಕ್. ಚಿತ್ರಕಾರ ಇಂಡಿಯನ್ ಇಂಕಿನಲ್ಲಿ ಅಚ್ಚಾಗಬೇಕಾದ ಗಾತ್ರಕ್ಕಿಂತ ದೊಡ್ಡದಾಗಿ ಬರೆಯುತ್ತಿದ್ದ. ಅದನ್ನು ಛಾಯಾಗ್ರಹಣದ ಮೂಲಕ ಕುಗ್ಗಿಸಿ, ಸತುವಿನ ತಗಡಿಗೆ ಇಳಿಸಿ, ಗೆರೆಯಿಲ್ಲದ ಭಾಗವನ್ನು ಆಮ್ಲದಿಂದ ಕೊರೆದು, ಮೊಳೆಯ ಎತ್ತರಕ್ಕೆ ಸರಿಯಾಗಿ ಮರದ ತುಂಡಿಗೆ ಕೂರಿಸಬೇಕಿತ್ತು. ಚಿತ್ರ ಕುಗ್ಗುವಾಗ ಗೆರೆಯೂ ತೆಳುವಾಗುವುದರಿಂದ ಕೂದಲೆಳೆಯಂತಹ ಗೆರೆ ಅಚ್ಚಿನಲ್ಲಿ ಮಾಯವಾಗುತ್ತಿತ್ತು. ಒತ್ತೊತ್ತಾಗಿ ಎಳೆದ ನೆರಳಿನ ಗೆರೆಗಳು ಮಸಿ ಹಿಡಿದು ಮುದ್ದೆಯಾಗುತ್ತಿದ್ದವು. ಒರಟು ಕಾಗದ ಬೇರೆ. ಹಳೆಯ ಮಕ್ಕಳ ಪುಸ್ತಕಗಳಲ್ಲಿ ಕಾಣುವ ದಪ್ಪ ಹೊರಗೆರೆ, ಬರಿದಾದ ಹಿನ್ನೆಲೆ, ಮಿತವಾದ ನೆರಳು ಇವೆಲ್ಲ ಅಭಿರುಚಿಯಷ್ಟೇ ಅನಿವಾರ್ಯತೆಯ ಫಲಗಳು.

ಬ್ಲಾಕಿಗೆ ಚದರ ಅಂಗುಲದ ಲೆಕ್ಕದಲ್ಲಿ ಬೆಲೆ. ಆದ್ದರಿಂದ ಚಿತ್ರ ಚಿಕ್ಕದಾಯಿತು, ಅಧ್ಯಾಯಕ್ಕೆ ಒಂದಾಯಿತು. ಒಮ್ಮೆ ಮಾಡಿಸಿದ ಬ್ಲಾಕ್ ಮುದ್ರಣಾಲಯದ ಸೊತ್ತು. ಒಂದು ಕಥೆಗೆ ಬರೆದ ನರಿ ಮತ್ತೊಂದು ಕಥೆಯಲ್ಲಿ ಮರಳಿ ಕಾಣಿಸಿಕೊಳ್ಳಲು ಅಡ್ಡಿಯಿರಲಿಲ್ಲ. ಚಿತ್ರಕ್ಕೆ ಇಷ್ಟೆಂದು ಸಂಭಾವನೆ ಪಡೆದ ಕಲಾವಿದನಿಗೆ ಆ ಬಳಿಕ ಅದರ ಮೇಲೆ ಹಕ್ಕಿಲ್ಲ; ಎಷ್ಟೋ ಪುಸ್ತಕಗಳಲ್ಲಿ ಅವನ ಹೆಸರೂ ಇಲ್ಲ. ಇದೊಂದೇ ಕಸುಬಿನಿಂದ ಬದುಕುವುದು ಕಷ್ಟವಾಗಿದ್ದುದರಿಂದ ಶಾಲೆಯ ಡ್ರಾಯಿಂಗ್ ಮಾಸ್ತರಿಕೆ, ನಾಮಫಲಕ ಬರೆಯುವಿಕೆ, ನಾಟಕದ ಪರದೆ ಇವುಗಳ ಜತೆಗೆ ಪುಸ್ತಕದ ಚಿತ್ರವೂ ಉಪವೃತ್ತಿಯಾಗಿ ನಡೆಯಿತು.

ಅವಿಭಜಿತ ದಕ್ಷಿಣ ಕನ್ನಡದಲ್ಲಿ, ಎಂದರೆ ಕಾಸರಗೋಡು ತಾಲೂಕು ಇನ್ನೂ ಆ ಜಿಲ್ಲೆಯ ಭಾಗವಾಗಿದ್ದ ಕಾಲದಲ್ಲಿ, ಮಕ್ಕಳ ಸಾಹಿತ್ಯಕ್ಕೆ ದೊರೆತ ಒತ್ತಾಸೆ ಅಸಾಧಾರಣವಾದುದು. ಶಾಲಾ ಇನ್ಸ್‌ಪೆಕ್ಟರರಾಗಿದ್ದ ಪಂಜೆ ಮಂಗೇಶರಾಯರು (1874–1937) ಮಂಗಳೂರಿನ ಬಾಲಸಾಹಿತ್ಯ ಮಂಡಲದ ಮೂಲಕ ಮಗುವಿನ ಕಿವಿಗೆ ಒಪ್ಪುವ ಕನ್ನಡವನ್ನು ರೂಪಿಸಿದರು. ಮಗುವಿನ ಕಣ್ಣಿನ ಕಡೆಗೆ ಅಷ್ಟೇ ಗಮನ ಹರಿಸಿದವರು ಶಿವರಾಮ ಕಾರಂತರು. 1936ರಲ್ಲಿ ಮೂರು ಸಂಪುಟಗಳಾಗಿ ಬಂದ ‘ಬಾಲಪ್ರಪಂಚ’ ಚಿತ್ರವಿಲ್ಲದೆ ಊಹಿಸಲಾಗದ ಕೃತಿ. ಕಾರಂತರು ಬರೆದರು, ರೇಖಾಚಿತ್ರ ರಚಿಸಿದರು, ಕ್ಯಾಮೆರಾ ಹಿಡಿದರು, ಪುತ್ತೂರಿನಲ್ಲಿ ಮುದ್ರಣಾಲಯವನ್ನೂ ನಡೆಸಿದರು. ಕಲ್ಲಚ್ಚಿನೊಡನೆ ಮರೆಯಾಗಿದ್ದ ಐಕ್ಯ ಒಬ್ಬ ವ್ಯಕ್ತಿಯ ಶ್ರಮದಲ್ಲಿ ಮತ್ತೆ ಸಾಧ್ಯವಾಯಿತು. ಆದರೆ ಒಬ್ಬ ಕಾರಂತರ ಸಾಹಸ ಒಂದು ವೃತ್ತಿಯ ಪರಂಪರೆಯಾಗಿ ಬೆಳೆಯುವುದಕ್ಕೆ ಬೇಕಾದ ಮಾರುಕಟ್ಟೆ ಇರಲಿಲ್ಲ.

ಒಂದು ಚಿತ್ರ, ಹಲವು ಲಿಪಿ

ಮಾರುಕಟ್ಟೆಯ ಸಮಸ್ಯೆಗೆ ಮದರಾಸು ಬೇರೊಂದು ಪರಿಹಾರ ಕಂಡುಕೊಂಡಿತು. 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಮೊದಲಾದ ‘ಚಂದಮಾಮ’ 1949ರಲ್ಲಿ ಕನ್ನಡಕ್ಕೂ ಬಂತು. ಒಮ್ಮೆ ಬರೆದ ಚಿತ್ರ ಎಲ್ಲ ಭಾಷೆಗಳ ಆವೃತ್ತಿಗೂ ಸಲ್ಲುತ್ತಿದ್ದುದರಿಂದ ಕಲಾವಿದರಿಗೆ ತಿಂಗಳ ಸಂಬಳ ಕೊಡುವುದು ಸಾಧ್ಯವಾಯಿತು. ‘ಶಂಕರ್’ ಎಂಬ ಹೆಸರಿನಲ್ಲಿ ವಿಕ್ರಮ–ಬೇತಾಳರನ್ನು ಚಿತ್ರಿಸಿದ ಕೆ.ಸಿ. ಶಿವಶಂಕರನ್ (1924–2020) ದಶಕಗಳ ಕಾಲ ಇದೇ ಕೆಲಸದಲ್ಲಿ ಉಳಿಯಲು ಈ ವ್ಯವಸ್ಥೆಯೇ ಕಾರಣ. ಪತ್ರಿಕೆಯ ಆರಂಭದ ವರ್ಷಗಳ ಕಲಾವಿದರಲ್ಲಿ ಒಬ್ಬರಾಗಿದ್ದ ಕನ್ನಡಿಗ ಎಂ.ಟಿ.ವಿ. ಆಚಾರ್ಯರು ಮುಂದೆ ಬೆಂಗಳೂರಿನಲ್ಲಿ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು.

ಹಲವು ಲಿಪಿಗಳಿಗೆ ಸಲ್ಲುವ ಚಿತ್ರಕ್ಕೆ ತನ್ನದೇ ನಿಯಮಗಳಿವೆ. ಚಿತ್ರದೊಳಗೆ ಅಕ್ಷರವಿರಬಾರದು: ಅಂಗಡಿಯ ಫಲಕ, ಕಾಗದದ ಒಕ್ಕಣೆ, ಬಸ್ಸಿನ ಊರಹೆಸರು ಖಾಲಿಯಿರಬೇಕು. ಅನುವಾದದಲ್ಲಿ ವಾಕ್ಯ ಉದ್ದವಾದರೂ ಹಿಡಿಸುವಷ್ಟು ಬಿಳಿ ಜಾಗ ಮೊದಲೇ ಬಿಟ್ಟಿರಬೇಕು. ಬಣ್ಣಗಳನ್ನು ಒಮ್ಮೆಗೇ ಅಚ್ಚುಮಾಡಿ, ಅಕ್ಷರವಿರುವ ಕಪ್ಪು ಫಲಕವನ್ನು ಮಾತ್ರ ಭಾಷೆಗೊಂದರಂತೆ ಬದಲಿಸುವ ಆಫ್‌ಸೆಟ್ ಪದ್ಧತಿ ಈ ನಿಯಮಗಳನ್ನು ಗಟ್ಟಿಗೊಳಿಸಿತು. 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್ ‘ನೆಹರೂ ಬಾಲ ಪುಸ್ತಕಾಲಯ’ ಮಾಲೆಯ ಚಿತ್ರಗಳನ್ನು ಹಲವು ಭಾಷೆಗಳಿಗೆ ಹಂಚಿದ್ದೂ ಇದೇ ತತ್ತ್ವದ ಮೇಲೆ. ಚಿತ್ರ ಮೊದಲು, ಅಕ್ಷರ ಆಮೇಲೆ ಎಂಬ ಕ್ರಮ ಸ್ಥಿರವಾಯಿತು.

1956ರ ಬಳಿಕ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಕನ್ನಡ ಶಾಲೆಗಳು ಉಳಿದವು. ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ‘ನವೋದಯ ವಾಚನಮಾಲೆ’ಯ ಮೂಲಕ ಕನ್ನಡ ಪಠ್ಯದ ಭಾಷೆಯನ್ನು ಕಟ್ಟಿಕೊಟ್ಟರು. ಚಿತ್ರದ ವಿಷಯದಲ್ಲಿ ದೊಡ್ಡ ಬದಲಾವಣೆ ತಂದದ್ದು 1994ರಲ್ಲಿ ಮೊದಲಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ. ಕೇರಳದಲ್ಲಿ ಅದರ ಮೊದಲ ಹಂತಕ್ಕೆ ಆಯ್ಕೆಯಾದ ಮೂರು ಜಿಲ್ಲೆಗಳಲ್ಲಿ ಮಲಪ್ಪುರಂ, ವಯನಾಡುಗಳೊಂದಿಗೆ ಕಾಸರಗೋಡೂ ಸೇರಿತ್ತು. ಚಟುವಟಿಕೆಯ ಮೂಲಕ ಕಲಿಕೆ ಎಂಬ ಹೊಸ ಕ್ರಮದಲ್ಲಿ ಚಿತ್ರ ಪಾಠದ ಅಲಂಕಾರವಾಗಿ ಉಳಿಯದೆ ಪಾಠವೇ ಆಯಿತು: ಚಿತ್ರ ನೋಡಿ ಹೇಳು, ಎಣಿಸು, ಹೋಲಿಸು. ಚಿತ್ರ ಅರ್ಥವಾಗದ ಮಗುವಿಗೆ ಪಾಠದ ಬಾಗಿಲೇ ತೆರೆಯದು.

ಸಮಾನ ಚಿತ್ರದ ಲಾಭವನ್ನು ಮರೆಯುವಂತಿಲ್ಲ. ಕನ್ನಡ ಆವೃತ್ತಿಯ ಪ್ರತಿಗಳ ಸಂಖ್ಯೆ ಸಣ್ಣದು. ಅಷ್ಟಕ್ಕೇ ಪ್ರತ್ಯೇಕವಾಗಿ ಬಹುವರ್ಣದ ಚಿತ್ರಗಳನ್ನು ಬರೆಸುವುದಾದರೆ ವೆಚ್ಚ ಏರುತ್ತದೆ. ಬಹುಸಂಖ್ಯಾತರ ಪುಸ್ತಕದಷ್ಟೇ ಅಂದವಾದ ಪುಸ್ತಕ ಅಲ್ಪಸಂಖ್ಯಾತ ಭಾಷೆಯ ಮಗುವಿನ ಕೈಗೂ ಬರುವುದು ಈ ಹಂಚಿಕೆಯಿಂದಲೇ. ಕಾಸರಗೋಡಿನ ಮಗುವಿಗೆ ಓಣಂ ಹೂವಿನ ರಂಗವಲ್ಲಿಯೂ ಪರಕೀಯವಲ್ಲ.

ತೊಡಕಿರುವುದು ವಿವರದಲ್ಲಿ. ಕುಂಬಳೆಯ ಪಾರ್ತಿಸುಬ್ಬನ ನಾಡಿನ ಯಕ್ಷಗಾನವನ್ನು ಬರೆಯುವವನಿಗೆ ತೆಂಕುತಿಟ್ಟಿನ ಕಿರೀಟಕ್ಕೂ ಬಡಗಿನ ಮುಂಡಾಸಿಗೂ ಇರುವ ಭೇದ ತಿಳಿದಿರಬೇಕು. ಭೂತದ ಅಣಿಯನ್ನೂ ತೆಯ್ಯದ ಮುಡಿಯನ್ನೂ ಅದಲುಬದಲು ಮಾಡಬಾರದು. ಬೆಂಗಳೂರಿನ ಚಿತ್ರಕಾರ ಮೊದಲನೆಯದರಲ್ಲಿ ಎಡವಬಹುದು, ತಿರುವನಂತಪುರದವನು ಎರಡನೆಯದರಲ್ಲಿ. ಇನ್ನೂ ಸರಳ ನಿದರ್ಶನ ನೀರಿನದು. ಜಲಮೂಲದ ಪಾಠಕ್ಕೆ ಚಿತ್ರಕಾರನ ಕೈ ತಾನಾಗಿ ಬರೆಯುವುದು ರಾಟೆ ಕಟ್ಟಿದ ದುಂಡನೆಯ ಬಾವಿಯನ್ನು. ಇಲ್ಲಿನ ಗುಡ್ಡದ ತಪ್ಪಲಿನ ಎಷ್ಟೋ ಮನೆಗಳಿಗೆ ನೀರು ಬರುವುದು ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ. ‘ನಿನ್ನ ಮನೆಯ ಜಲಮೂಲ ಯಾವುದು?’ ಎಂಬ ಪ್ರಶ್ನೆಗೆ ಆ ಮಗುವಿನ ಉತ್ತರ ಪುಟದಲ್ಲಿ ಇರುವುದಿಲ್ಲ.

ಈ ಕೊರತೆ ಭಾಷಾಂತರದಿಂದ ತುಂಬುವಂಥದಲ್ಲ. ಭಾಷಾಂತರಕಾರನ ಕೈಗೆ ಪುಟ ಬರುವ ಹೊತ್ತಿಗೆ ಚಿತ್ರ ಮುಗಿದಿರುತ್ತದೆ. ಮುಕ್ತ ಪರವಾನಗಿಯ ಡಿಜಿಟಲ್ ಪುಸ್ತಕಗಳು ಈಗ ಇನ್ನೊಂದು ದಾರಿ ತೋರುತ್ತಿವೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಚಿತ್ರಕಾರನ ಹೆಸರು ಚಿತ್ರದ ಜತೆಗೇ ಸಾಗುತ್ತದೆ. ಬ್ಲಾಕಿನ ಕಾಲದ ಅನಾಮಿಕತೆಗೆ ಇದು ತಡವಾಗಿ ಸಂದ ಪರಿಹಾರ. ಆದರೂ ಅಲ್ಲಿ ಎರವಲು ಪಡೆಯಬಹುದಾದದ್ದು ಈಗಾಗಲೇ ಬರೆದ ಚಿತ್ರಗಳನ್ನೇ. ಸುರಂಗವನ್ನು ಬರೆಯುವುದಕ್ಕೆ ತಲೆ ತಗ್ಗಿಸಿ ಅದರೊಳಗೆ ನಡೆದವರು ಬೇಕು. ಪಠ್ಯ ರಚನೆಯ ಮೊದಲ ದಿನವೇ ಕನ್ನಡದ ಶಿಕ್ಷಕರ ಪಕ್ಕದಲ್ಲಿ ಅಂತಹವರೊಬ್ಬರಿಗೆ ಪೆನ್ಸಿಲಿನೊಡನೆ ಜಾಗ ದೊರೆತರೆ, ಕಲ್ಲಚ್ಚಿನ ಮೇಲೆ ಒಂದಾಗಿದ್ದ ಚಿತ್ರವೂ ಅಕ್ಷರವೂ ಮತ್ತೆ ಒಂದೇ ಪುಟದಲ್ಲಿ ಹುಟ್ಟಬಲ್ಲವು.