‘ಈಸ್ಟ್’ ಪದ ಸಂಸ್ಕೃತದ ‘ಉಷಸ್’ನಿಂದ ಬಂದಿದೆಯೇ?

ಇಂಗ್ಲಿಷಿನ ‘ಈಸ್ಟ್’ ನಮ್ಮ ‘ಉಷಸ್’ನಿಂದಲೇ ಹುಟ್ಟಿದ್ದು ಎಂಬ ಸಂದೇಶ ನಿಮಗೂ ಬಂದಿದ್ದರೆ, ಅದನ್ನು ನಾವು ಅರ್ಧ ನಿಜ ಎನ್ನುತ್ತೇವೆ. ‘ಬೆಳಗು’ ಎಂಬ ಅರ್ಥದ ಒಂದೇ ಹಳೆಯ ಇಂಡೋ-ಯುರೋಪಿಯನ್ ಧಾತುವಿನಿಂದ ಎರಡೂ ಬಂದಿವೆ. ಹಾಗಾಗಿ ಇವು ತಾಯಿ-ಮಗಳಲ್ಲ, ಅಕ್ಕ-ತಂಗಿ. ಲ್ಯಾಟಿನ್ನಿನ ‘ಅರೋರಾ’ ಕೂಡ ಇದೇ ಮನೆಯದು.

ಕನ್ನಡದ ‘ಮೂಡಣ’ ದ್ರಾವಿಡ ಪದ, ಬೇರೆಯೇ ಕುಟುಂಬ. ಆದರೂ ಯೋಚನೆ ಅದೇ: ಸೂರ್ಯ ಮೂಡುವ ಕಡೆ ಮೂಡಣ, ಮುಳುಗುವ ಕಡೆ ಪಡುವಣ.

ಹಾಗಂತ ಸೂರ್ಯ ಮೂಡಿದ ಕಡೆಯೇ ಪೂರ್ವವೆಂದು ಹೊಲದ ಚಕ್ಕುಬಂದಿ ಗುರುತಿಸಲು ಹೋಗಬೇಡಿ. ಅವನು ನೇರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸಿನಲ್ಲಷ್ಟೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಜೂನ್ 21ರಂದು ಸುಮಾರು 25 ಡಿಗ್ರಿ ಉತ್ತರಕ್ಕೆ ಸರಿದು ಮೂಡುತ್ತಾನೆ. ಡಿಸೆಂಬರ್ ಕೊನೆಗೆ ಹೆಚ್ಚುಕಡಿಮೆ ಅಷ್ಟೇ ದಕ್ಷಿಣಕ್ಕೆ. ಆ ಲೆಕ್ಕದಲ್ಲಿ 100 ಮೀಟರ್ ಬದು ಎಳೆದರೆ ಅದರ ತುದಿ 40 ಮೀಟರಿಗಿಂತ ಹೆಚ್ಚು ಪಕ್ಕಕ್ಕೆ, ಅಂದರೆ ನೆರೆಯವರ ಜೋಳದೊಳಗೆ ಹೋಗಿರುತ್ತದೆ!

ಮೊಬೈಲಿನ ಕಂಪಾಸ್ ಇದೆಯಲ್ಲ ಎನ್ನಬಹುದು. ಬೈಕಿನ ಪಕ್ಕದಲ್ಲಿ ಹಿಡಿದರೆ ಅದೂ ತಪ್ಪು ತೋರಿಸುತ್ತದೆ. ಎಲ್ಲೆಯ ತಕರಾರಿದ್ದರೆ ಸರ್ವೇಯರ್ ಅಳತೆ ಮಾಡಿಸಿ.