ಹೊಗೆಸೊಪ್ಪಿನಿಂದ ಇ-ಸಿಗರೇಟಿನವರೆಗೆ

ಕಳೆದ ವರ್ಷ ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ಚೀಲದಿಂದ ಲೇಖನಿಯಂತಹ ವಸ್ತುವೊಂದು ಕೆಳಕ್ಕುರುಳಿತು. ಲೇಖನಿಯೆಂದೇ ಬಗೆದು ಅದನ್ನು ಎತ್ತಿಕೊಟ್ಟೆನು. ಮಕ್ಕಳು ಮುಸಿಮುಸಿ ನಕ್ಕರು. ಅದು ಇಲೆಕ್ಟ್ರಾನಿಕ್ ಸಿಗರೇಟೆಂದು ನನಗೆ ತಿಳಿದುದು ಸಂಜೆಗೆ. ನನ್ನ ಅಜ್ಞಾನಕ್ಕೆ ನಾಚಿ ಆ ವಸ್ತುವಿನ ಕುಲಗೋತ್ರವನ್ನು ಅರಸಹೊರಟಾಗ, ಅದರ ಪೂರ್ವಚರಿತ್ರೆಯ ಪುಟಗಳು ನಾವು ನೆಲಸಿರುವ ಗೋವೆಯಲ್ಲಿಯೂ ನಮ್ಮ ಕನ್ನಡನಾಡಿನ ಬಿಜಾಪುರದಲ್ಲಿಯೂ ಇರುವುದನ್ನು ಕಂಡು ವಿಸ್ಮಯವಾಯಿತು. ಅದನ್ನೇ ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇನೆ.

ತಂಬಾಕು ಅಮೆರಿಕ ಖಂಡದ ಗಿಡ. 1510ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡ ಪೋರ್ಚುಗೀಸರು ಅದನ್ನು ನಮ್ಮ ದೇಶಕ್ಕೆ ತಂದರು. ಮುಂದೆ ಬ್ರೆಜಿಲಿನ ಬಹಿಯಾ ಪ್ರಾಂತದ ತಂಬಾಕು ಹಡಗುಗಳಲ್ಲಿ ಗೋವೆಗೆ ಬರತೊಡಗಿತು. 17ನೆಯ ಶತಮಾನದಲ್ಲಿ ಇಲ್ಲಿ ಅದರ ಮಾರಾಟದ ಹಕ್ಕು ಅರಸೊತ್ತಿಗೆಯ ಸ್ವತ್ತಾಗಿದ್ದು, ಅದನ್ನು ಗುತ್ತಿಗೆದಾರರಿಗೆ ವಹಿಸಿ ಬೊಕ್ಕಸ ತುಂಬಿಕೊಳ್ಳುತ್ತಿದ್ದರು. ಪ್ರಜೆಯ ಚಟವು ಪ್ರಭುವಿನ ಆದಾಯವಾದುದು ಹೀಗೆ. ‘ತಂಬಾಕು’ ಎಂಬ ಶಬ್ದದ ಮೂಲವೂ ಪೋರ್ಚುಗೀಸರ ‘ತಬಾಕೊ’. ನಮ್ಮ ಪೂರ್ವಿಕರಾದರೋ ಅದಕ್ಕೆ ‘ಹೊಗೆಸೊಪ್ಪು’ ಎಂದು ಹೆಸರಿಟ್ಟರು. ಎಂತಹ ಪ್ರಾಮಾಣಿಕ ನಾಮಕರಣ! ವಸ್ತುವಿನ ಗುಣ ಹೆಸರಿನಲ್ಲಿಯೇ ಬಯಲಾಗಿದೆ.

ಅಕ್ಬರನ ರಾಯಭಾರಿಯಾದ ಅಸದ್ ಬೇಗನು 1604ರ ಸುಮಾರಿಗೆ ಇಮ್ಮಡಿ ಇಬ್ರಾಹಿಂ ಆದಿಲಶಹನ ಬಿಜಾಪುರಕ್ಕೆ ಬಂದಿದ್ದನು. ಅಲ್ಲಿ ಆತ ಮೊದಲ ಬಾರಿಗೆ ತಂಬಾಕನ್ನು ಕಂಡನು. ರತ್ನಖಚಿತವಾದ ಸೊಗಸಾದ ನಳಿಗೆಯೊಂದನ್ನು ಸಿದ್ಧಪಡಿಸಿ, ತಂಬಾಕಿನೊಡನೆ ಅದನ್ನು ಆಗ್ರಾಕ್ಕೆ ಒಯ್ದು ಸಾಮ್ರಾಟನಿಗೆ ಅರ್ಪಿಸಿದನು. ಇದೊಂದು ಔಷಧವೆಂದು ಆಸ್ಥಾನದಲ್ಲಿ ಬಿನ್ನಹವಾಯಿತು. ಅಕ್ಬರನು ಕುತೂಹಲದಿಂದ ಎರಡು ಮೂರು ಬಾರಿ ಸೇದಿದನು. ರಾಜವೈದ್ಯನು ತಡೆದನು. ನಮ್ಮ ಶಾಸ್ತ್ರಜ್ಞರು ಪರೀಕ್ಷಿಸದ ವಸ್ತುವನ್ನು ಪರದೇಶಿಯರು ಬಳಸುತ್ತಾರೆಂಬ ಕಾರಣದಿಂದ ನಾವು ಸ್ವೀಕರಿಸಲಾಗದೆಂಬುದು ಅವನ ವಾದ. ಪ್ರತಿಯೊಂದು ರೂಢಿಯೂ ಒಂದು ಕಾಲದಲ್ಲಿ ಹೊಸದೇ ಆಗಿತ್ತೆಂಬುದು ಅಸದ್ ಬೇಗನ ಉತ್ತರ. ಸಾಮ್ರಾಟನಿಗೆ ಈ ಉತ್ತರ ಮೆಚ್ಚುಗೆಯಾಯಿತು. ಆದರೂ ಅವನು ಆ ಚಟವನ್ನು ಹಚ್ಚಿಕೊಳ್ಳಲಿಲ್ಲ. ಆಸ್ಥಾನದ ಸಾಮಂತರು ಹಚ್ಚಿಕೊಂಡರು, ವರ್ತಕರು ಮಾರತೊಡಗಿದರು. 1617ರಲ್ಲಿ ಜಹಾಂಗೀರನು ನಿಷೇಧಾಜ್ಞೆ ಹೊರಡಿಸುವ ವೇಳೆಗೆ ಕಾಲ ಮಿಂಚಿತ್ತು.

ಆ ರತ್ನದ ನಳಿಗೆಯ ವಂಶದಲ್ಲಿಯೇ ನಮ್ಮ ಕಾಲದ ಇ-ಸಿಗರೇಟು ಹುಟ್ಟಿದೆ. ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬಾತ 1963ರಲ್ಲಿಯೇ ಹೊಗೆಯಿಲ್ಲದ ಸಿಗರೇಟಿಗೆ ಪೇಟೆಂಟು ಕೋರಿದ್ದನು. ಆದರೆ ಇಂದು ಕಾಣುವ ಬಗೆಯನ್ನು 2003ರಲ್ಲಿ ರೂಪಿಸಿದವನು ಚೀನಾದ ಔಷಧಶಾಸ್ತ್ರಜ್ಞ ಹೋನ್ ಲಿಕ್. ಸ್ವತಃ ಧೂಮಪಾನಿಯಾಗಿದ್ದ ಆತನ ಉದ್ದೇಶ ಆ ಚಟದಿಂದ ಪಾರಾಗುವುದೇ ಆಗಿತ್ತು. ಇದರೊಳಗೆ ಪುಟ್ಟ ಬ್ಯಾಟರಿಯೂ ಲೋಹದ ತಂತಿಯ ಸುರುಳಿಯೂ ಇರುತ್ತವೆ. ಸುರುಳಿ ಕಾದಾಗ ನಿಕೋಟಿನ್, ಗ್ಲಿಸರಿನ್ ಮತ್ತು ಹಣ್ಣಿನ ಪರಿಮಳ ಬೆರೆತ ದ್ರವವು ಆವಿಯಾಗುತ್ತದೆ. ಸೊಪ್ಪೂ ಇಲ್ಲ, ಹೊಗೆಯೂ ಇಲ್ಲ. ಆದರೆ ಸೊಪ್ಪಿನ ಸತ್ತ್ವವಾದ ನಿಕೋಟಿನ್ ಮಾತ್ರ ಉಳಿದಿದೆ.

ನ್ಯಾಯವಾಗಿ ಹೇಳುವುದಾದರೆ, ಸುಡುವ ಸಿಗರೇಟಿನಲ್ಲಿರುವಷ್ಟು ವಿಷಗಳು ಈ ಆವಿಯಲ್ಲಿಲ್ಲ. ಬ್ರಿಟನ್ನಿನಂತಹ ದೇಶಗಳಲ್ಲಿ ಸಿಗರೇಟನ್ನು ಬಿಡಬಯಸುವ ವಯಸ್ಕರಿಗೆ ಇದನ್ನು ಸಾಧನವಾಗಿ ಸೂಚಿಸುವುದುಂಟು. ಆದರೆ ಸೇದುವವನಿಗೆ ಊರುಗೋಲಾದುದು ಸೇದದ ಬಾಲಕನಿಗೆ ಮೊದಲ ಮೆಟ್ಟಿಲಾಗಬಹುದು. ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಿರುವ ಮೆದುಳನ್ನು ನಿಕೋಟಿನ್ ಬಲುಬೇಗ ವಶಮಾಡಿಕೊಂಡು ಅವಧಾನವನ್ನು ಕೆಡಿಸುತ್ತದೆ. ದ್ರವ ಅತಿಯಾಗಿ ಕಾದಾಗ ಫಾರ್ಮಾಲ್ಡಿಹೈಡಿನಂತಹ ವಿಷವೂ ಹುಟ್ಟುತ್ತದೆ. ದ್ರವದಲ್ಲಿ ಏನು ಬೆರೆತಿದೆಯೆಂಬುದು ಸೇದುವವನಿಗೆ ತಿಳಿಯದು. 2019ರಲ್ಲಿ ಅಮೆರಿಕದಲ್ಲಿ ಹಬ್ಬಿದ ಶ್ವಾಸಕೋಶದ ವ್ಯಾಧಿಯಿಂದ 2,800ಕ್ಕೂ ಮಿಕ್ಕಿ ಜನರು ಆಸ್ಪತ್ರೆ ಸೇರಿದರು. 2020ರ ಫೆಬ್ರವರಿಯ ವೇಳೆಗೆ 68 ಮಂದಿ ಮೃತರಾಗಿದ್ದರು. ಗಾಂಜಾಸತ್ತ್ವದ ದ್ರವಕ್ಕೆ ಬೆರೆಸಿದ್ದ ವಿಟಮಿನ್-ಇ ಅಸಿಟೇಟ್ ಅದಕ್ಕೆ ಪ್ರಧಾನ ಕಾರಣವೆಂದು ಕಂಡುಬಂದಿತು.

ಜಹಾಂಗೀರನಿಗೆ ತಡವಾದುದು ನಮ್ಮ ಸರಕಾರಗಳಿಗೆ ಅಷ್ಟು ತಡವಾಗಲಿಲ್ಲ. ಕರ್ನಾಟಕವು 2016ರಲ್ಲಿಯೇ ಇದರ ಮಾರಾಟವನ್ನು ನಿಷೇಧಿಸಿತು. 2019ರ ಸೆಪ್ಟೆಂಬರ್ 18ರಂದು ಕೇಂದ್ರವು ಸುಗ್ರೀವಾಜ್ಞೆ ಹೊರಡಿಸಿತು. ಅದೇ ಡಿಸೆಂಬರಿನಲ್ಲಿ ಅದು ಶಾಸನವಾಗಿ ಗೋವೆಗೂ ಅನ್ವಯಿಸಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆಯೋ 1 ಲಕ್ಷ ರೂಪಾಯಿಯವರೆಗೆ ದಂಡವೋ ಎರಡೂವೋ ಉಂಟು. ಆದರೂ ಆ ವಸ್ತು ನನ್ನ ತರಗತಿಯೊಳಗೆ ಬಂದಿತ್ತಷ್ಟೆ!

ಹಡಗುಕಟ್ಟೆಯಲ್ಲಿ, ಕಾರ್ಖಾನೆಯಲ್ಲಿ, ಕಟ್ಟಡದ ಕೆಲಸದಲ್ಲಿ ಹಗಲೆಲ್ಲ ದುಡಿದು ಮನೆಗೆ ಮರಳುವ ತಂದೆತಾಯಿಗಳು ಮಗನ ಬಾಯಿಂದ ಬೀಡಿಯ ವಾಸನೆ ಬಂದರೆ ಗುರುತಿಸಬಲ್ಲರು. ಮಾವಿನ ಹಣ್ಣಿನ ಪರಿಮಳ ಬಂದರೆ ಯಾರು ಶಂಕಿಸಿಯಾರು? ಆದಕಾರಣ ಈ ವಸ್ತುವಿನ ರೂಪವನ್ನು ಹಿರಿಯರಾದ ನಾವು ಮೊದಲು ಅರಿಯಬೇಕು. ಮಕ್ಕಳನ್ನು ಹೊಡೆದು ಬಡಿದು ಫಲವಿಲ್ಲ. ಬಳಿಯಲ್ಲಿ ಕುಳ್ಳಿರಿಸಿಕೊಂಡು ಈ ಕಥೆಯನ್ನು ಹೇಳಬೇಕು. ನಾನು ನನ್ನ ಶಿಷ್ಯನಿಗೆ ಮಾಡಿದುದು ಅಷ್ಟೇ. ಕಥೆ ಮುಗಿದ ಮೇಲೆ ಅವನು ಕೇಳಿದನು: “ಆ ವೈದ್ಯನ ಹೆಸರೇನು, ಗುರುಗಳೇ?” ನಾನು ಹೇಳಿದೆನು: “ಹೆಸರು ಬೇಡ, ಮಗೂ, ಅವನು ಕೇಳಿದ ಪ್ರಶ್ನೆಯನ್ನು ನೆನಪಿಡು. ಹೊಸದನ್ನು ಯಾರೇ ಮುಂದೆ ಚಾಚಲಿ, ಇದನ್ನು ಪರೀಕ್ಷಿಸಿದವರಾರು ಎಂದು ಕೇಳು.”