ಬಿಟ್ ದಾಟಿತು, ಅಕ್ಷರ ದಾಟಿತೇ? ಹಳೆಯ ಡಿಸ್ಕುಗಳ ವಲಸೆಯ ಕಥೆ

1978ರಲ್ಲಿ ಐಬಿಎಂ ಭಾರತದಿಂದ ಕಾಲ್ತೆಗೆದ ಮೇಲೆ ದೇಶಿ ಮಿನಿಕಂಪ್ಯೂಟರುಗಳಿಗೆ ಒಳ್ಳೆಯ ಕಾಲ ಬಂತು. ಹೈದರಾಬಾದಿನ ಇಸಿಐಎಲ್ ತಯಾರಿಸಿದ್ದ ಟಿಡಿಸಿ-316 ಆಗಲೇ ಬಳಕೆಯಲ್ಲಿತ್ತು. 1980ರ ದಶಕದ ಆರಂಭದಲ್ಲಿ ವಿಪ್ರೊ ಇಂಟೆಲ್ 8086 ಚಿಪ್ ಕೂರಿಸಿದ ‘ಸೀರೀಸ್ 86’ ತಂದಿತು. ಆ ಕಂಪನಿಯ ಕಂಪ್ಯೂಟರ್ ಕಾರ್ಖಾನೆ ಮೈಸೂರಿನಲ್ಲಿತ್ತು. ಈಗ ಅಂಥ ಯಂತ್ರಗಳು ಗುಜರಿ ಸೇರಿವೆ. ಅವುಗಳ ಡಿಸ್ಕು, ಟೇಪುಗಳಲ್ಲಿ ಇದ್ದದ್ದನ್ನು ಇಂದಿನ ಯಂತ್ರಕ್ಕೆ ದಾಟಿಸುವುದು ಹೇಗೆ ಎಂಬ ಪ್ರಶ್ನೆಯ ಸುತ್ತ ಜಗತ್ತಿನಾದ್ಯಂತ ಒಂದು ವಿದ್ಯೆಯೇ ಬೆಳೆದಿದೆ.

ಕಡತಗಳನ್ನು ಒಂದೊಂದಾಗಿ ನಕಲು ಮಾಡಿಕೊಂಡರೆ ಸಾಲದು. ಹಳೆಯ ಡಿಸ್ಕಿನ ಕಡತ ವ್ಯವಸ್ಥೆ ಇಂದಿನ ಲ್ಯಾಪ್‌ಟಾಪಿಗೆ ಗೊತ್ತಿಲ್ಲ. ಅದನ್ನು ಬಲ್ಲ ಕಾರ್ಯಾಚರಣ ವ್ಯವಸ್ಥೆಯೂ ಅದೇ ಡಿಸ್ಕಿನಲ್ಲಿ ಕೂತಿರುತ್ತದೆ. ಹಾಗಾಗಿ ಮೊದಲ ಸೆಕ್ಟರಿನಿಂದ ಕೊನೆಯದರವರೆಗೆ ಖಾಲಿ ಜಾಗವನ್ನೂ ಬಿಡದೆ ಇಡೀ ಡಿಸ್ಕನ್ನು ಒಂದೇ ಕಡತವಾಗಿ ಇಳಿಸಿಕೊಳ್ಳುತ್ತಾರೆ. ಇದೇ ಡಿಸ್ಕ್ ಇಮೇಜ್.

ದಾಟಿಸುವ ದಾರಿ ಯಾವುದು? ಉದಾಹರಣೆಗೆ, ಅಮೆರಿಕದ ಡಿಇಸಿ ಕಂಪನಿಯ ಮಿನಿಕಂಪ್ಯೂಟರ್ ಪಿಡಿಪಿ-11ಕ್ಕೂ ಇಂದಿನ ಯಂತ್ರಕ್ಕೂ ಸುಲಭವಾಗಿ ಹೊಂದುವ ಕೊಂಡಿ ಒಂದೇ: ಸೀರಿಯಲ್ ತಂತಿ. ಅದರ ಮೇಲೆ ತಪ್ಪಿಲ್ಲದೆ ಕಡತ ಕಳಿಸಲು ವಾರ್ಡ್ ಕ್ರಿಸ್ಟೆನ್ಸನ್ 1977ರಲ್ಲಿ ಎಕ್ಸ್‌ಮೋಡೆಮ್ ಬರೆದರು. 1981ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದಿಂದ ಕರ್ಮಿಟ್ ಬಂತು. ವೇಗ ಮಾತ್ರ ಆಮೆಯದು. 9600 ಬಾಡ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 960 ಬೈಟ್ ಸಾಗುತ್ತದೆ. ಸುಮಾರು 10 ಮೆಗಾಬೈಟ್ ಹಿಡಿಯುವ ಆರ್‌ಎಲ್‌02 ಡಿಸ್ಕೊಂದು ಖಾಲಿಯಾಗಲು ಮೂರು ಗಂಟೆ ಬೇಕು.

ಡಿಸ್ಕ್ ಕೆಟ್ಟು ಯಂತ್ರವೇ ಏಳದಿದ್ದಾಗ ಇನ್ನೂ ಕಷ್ಟ. ಅಲ್ಲಿ ವಾರೆನ್ ಟೂಮಿ ಬೆಳೆಸಿದ ವಿಟಿಸರ್ವರ್ ಎಂಬ ತಂತ್ರಾಂಶ ಕೈಹಿಡಿಯುತ್ತದೆ. ಪಿಡಿಪಿ-11ರ ಹಲವು ಮಾದರಿಗಳಲ್ಲಿ, ಒಳಗೆ ಏನೂ ಇಲ್ಲದಿದ್ದರೂ, ಕನ್ಸೋಲಿನಲ್ಲಿ ‘ಅಟ್’ ಚಿಹ್ನೆಯೊಂದು ಮೂಡುತ್ತದೆ. ಅದರ ಮುಂದೆ ಅಷ್ಟಮಾನ ಸಂಖ್ಯೆಯಲ್ಲಿ ಮೆಮೊರಿಯ ವಿಳಾಸ ಬರೆದು ಓರೆಗೀಟು ಒತ್ತಿದರೆ, ಆ ಮನೆಯಲ್ಲಿ ಇರುವುದನ್ನು ತೋರಿಸಿ ಹೊಸ ಸಂಖ್ಯೆಗಾಗಿ ಕಾಯುತ್ತದೆ. ವಿಟಿಸರ್ವರ್ ಸೀರಿಯಲ್ ತಂತಿಯ ಈಚೆ ತುದಿಯಲ್ಲಿ ಕೂತು, ಮನುಷ್ಯನೇ ಕೀಲಿಮಣೆ ಒತ್ತುತ್ತಿರುವಂತೆ ಒಂದೊಂದೇ ಸಂಖ್ಯೆ ತುಂಬುತ್ತದೆ. ಹಾಗೆ ಹೋದ ಪುಟ್ಟ ಪ್ರೋಗ್ರಾಮು ಎಚ್ಚೆತ್ತು, ಲ್ಯಾಪ್‌ಟಾಪನ್ನೇ ಟೇಪ್ ಡ್ರೈವ್ ಎಂದು ನಂಬಿ ಉಳಿದದ್ದನ್ನು ಎಳೆದುಕೊಳ್ಳುತ್ತದೆ. ಈ ಕ್ಷೇತ್ರದ ಜಾಣ್ಮೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇಳಿಸಿಕೊಂಡ ಇಮೇಜನ್ನು ಓಡಿಸಲು ಯಂತ್ರ ಬೇಕಲ್ಲ? ಡಿಇಸಿಯಲ್ಲೇ ದುಡಿದ ಬಾಬ್ ಸಪ್ನಿಕ್ 1993ರಲ್ಲಿ ಸಿಮ್‌ಎಚ್ ಆರಂಭಿಸಿ, ಪಿಡಿಪಿಯಂಥ ಯಂತ್ರಗಳನ್ನು ಸಾಫ್ಟ್‌ವೇರಿನಲ್ಲಿ ಮತ್ತೆ ಕಟ್ಟಿದರು. 2002ರಲ್ಲಿ ಕಾಲ್ಡೆರಾ ಕಂಪನಿ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಹಳೆಯ ಆವೃತ್ತಿಗಳಿಗೆ ಮುಕ್ತ ಪರವಾನಗಿ ಕೊಟ್ಟ ಮೇಲೆ ಅವುಗಳ ಇಮೇಜುಗಳನ್ನು ಹಂಚಲು ಕಾನೂನಿನ ತೊಡಕೂ ಬಹುಮಟ್ಟಿಗೆ ಕಡಿಮೆಯಾಯಿತು.

ನಂತರದ ದೊಡ್ಡ ಹೆಜ್ಜೆ ಇನ್ನೂ ಆಳದ್ದು. ಕ್ರಯೋಫ್ಲಕ್ಸ್, ಕೀರ್ ಫ್ರೇಸರ್ ಅವರ ಗ್ರೀಸ್‌ವೀಸಲ್‌ನಂಥ ಸಾಧನಗಳು ಫ್ಲಾಪಿಯ ಬಿಟ್‌ಗಳನ್ನು ಓದುವ ಗೊಡವೆಗೇ ಹೋಗುವುದಿಲ್ಲ. ಕಾಂತತೆ ಎಲ್ಲಿ ತಿರುಗಿತು, ಒಂದು ತಿರುವಿಗೂ ಇನ್ನೊಂದಕ್ಕೂ ಎಷ್ಟು ಅಂತರ ಎಂಬುದನ್ನಷ್ಟೇ ದಾಖಲಿಸುತ್ತವೆ. ಅರ್ಥ ಹಚ್ಚುವ ಕೆಲಸ ಆಮೇಲೆ. 2025ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಸಿಕ್ಕ ಯುನಿಕ್ಸ್ ನಾಲ್ಕನೇ ಆವೃತ್ತಿಯ ಟೇಪನ್ನೂ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಹೀಗೆಯೇ, ಮೊದಲು ಕಾಂತೀಯ ಸಂಕೇತ ಆಮೇಲೆ ಬಿಟ್ ಎಂಬ ಕ್ರಮದಲ್ಲಿ ಉಳಿಸಿಕೊಂಡರು.

ಬಿಟ್‌ಗಳು ಸುರಕ್ಷಿತವಾಗಿ ದಾಟಿದರೂ ಎಡವಟ್ಟು ತಪ್ಪುವುದಿಲ್ಲ. ಹಿಂದೊಮ್ಮೆ ಯುನಿಕ್ಸನ್ನು ಪಿಡಿಪಿ-11ರಿಂದ ಬೇರೆ ಯಂತ್ರಕ್ಕೆ ಒಯ್ದಾಗ ಬೈಟ್‌ಗಳ ಜೋಡಣೆ ಅದಲುಬದಲಾಗಿ, ‘ಯು-ಎನ್-ಐ-ಎಕ್ಸ್’ ಎಂಬ ಹೆಸರು ‘ಎನ್-ಯು-ಎಕ್ಸ್-ಐ’ ಆಗಿತ್ತಂತೆ. ಆದರೂ ಇಂಗ್ಲಿಷ್ ಪುಣ್ಯವಂತ ಭಾಷೆ: ಅದರ ಆಸ್ಕಿ ಸಂಕೇತ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ. ಕನ್ನಡಕ್ಕೆ ಆ ಭಾಗ್ಯವಿರಲಿಲ್ಲ.

ಭಾರತೀಯ ಲಿಪಿಗಳಿಗಾಗಿ ರೂಪಿಸಿದ 1991ರ ಇಸ್ಕಿ ಮಾನಕದಲ್ಲಿ ‘ಕ’ ಅಕ್ಷರಕ್ಕೆ 179 ಎಂಬ ಸಂಖ್ಯೆ. ಅದು ಒಳಗೊಂಡ ಲಿಪಿಗಳಿಗೆಲ್ಲ ಅದೇ ಸಂಖ್ಯೆ. ಯಾವ ಲಿಪಿ ಎಂಬುದನ್ನು ಬೇರೆಯಾಗಿ ಸೂಚಿಸಬೇಕು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಕಟ್ಟಿದ ಕನ್ನಡ ಪಠ್ಯ ಭಂಡಾರ ಇಂಥ ಸಂಕೇತದಲ್ಲೇ ಹುಟ್ಟಿ, ಮುಂದೆ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಜೊತೆಗಿನ ಎಮಿಲ್ ಯೋಜನೆಯಲ್ಲಿ ಯುನಿಕೋಡಿಗೆ ಬಂತು. ಲಕ್ಷಾಂತರ ಪದಗಳು ಉಳಿದದ್ದು ಸಂಕೇತದ ಪಟ್ಟಿ ಕೈಯಲ್ಲಿದ್ದುದರಿಂದ.

ಊರೂರಿನ ಡಿಟಿಪಿ ಅಂಗಡಿಗಳ ಫ್ಲಾಪಿಗಳ ಪಾಡು ಬೇರೆ. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಇನ್ನೊಂದು ಕಡೆ ಶ್ರೀಲಿಪಿ: ಇವೆಲ್ಲ ಅಕ್ಷರದ ಬದಲು ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂರಿಸಿದವು. ನುಡಿ ಫಾಂಟಿಲ್ಲದ ಯಂತ್ರದಲ್ಲಿ ‘ನಂಜನಗೂಡು’ ಎಂಬ ಹೆಸರು ತೆರೆದುಕೊಳ್ಳುವುದೇ ಪೌಂಡ್ ಚಿಹ್ನೆಯಿಂದ. ಆಮೇಲೆ ತಲೆಯ ಮೇಲೆ ಓರೆಗೀಟಿರುವ ಎ, ಬರಿಯ ಎ, ಚಿಕ್ಕ ಡಿ, ಮತ್ತೆ ಪೌಂಡ್, ಹೀಗೆ ಒಟ್ಟು 12 ಚಿಹ್ನೆ. ನಂಜನಗೂಡಿನ ಜಾತ್ರೆಯ ಕರಪತ್ರವಾಗಲಿ, ತಿರುಮಕೂಡಲು ನರಸೀಪುರದ ಶಾಲೆಯೊಂದರ ಸ್ಮರಣ ಸಂಚಿಕೆಯಾಗಲಿ, ಫಾಂಟಿನ ಕಡತ ಜೊತೆಗಿಲ್ಲದಿದ್ದರೆ ಡಿಸ್ಕ್ ಇಮೇಜ್ ಎಷ್ಟು ಚೊಕ್ಕವಾಗಿದ್ದರೂ ಓದಲಾಗದು. ಆದ್ದರಿಂದ ಕನ್ನಡದ ಮಟ್ಟಿಗೆ ಫಾಂಟ್, ತಂತ್ರಾಂಶ, ಅದರ ಆವೃತ್ತಿಯ ಸಂಖ್ಯೆ ಇವೆಲ್ಲ ಇಮೇಜಿನ ಅಂಗವೇ ಆಗಬೇಕು.

ಇಂಥ ಪಠ್ಯವನ್ನು ಯುನಿಕೋಡಿಗೆ ತರುವ ಪರಿವರ್ತಕಗಳೇನೋ ಇವೆ, ಸಂಚಯ ಎಂಬ ತಂಡದಂಥವರು ಅವನ್ನು ಉಚಿತವಾಗಿಯೇ ಕೊಟ್ಟಿದ್ದಾರೆ. ಆದರೆ ಪಟ್ಟಿ ನೋಡಿ ಬದಲಿಸಿದರೆ ಮುಗಿಯುವ ಕೆಲಸ ಇದಲ್ಲ. ‘ಧರ್ಮ’ ಎಂದು ಬರೆದಾಗ ನುಡಿಯಲ್ಲಿ ಅರ್ಕಾವತ್ತು ‘ಮ’ ಆದ ಮೇಲೆ ಬರುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಕಡತದ ನಡುವೆ ಇಂಗ್ಲಿಷಿನಲ್ಲಿ ಊರಿನ ಹೆಸರೋ ಇಮೇಲ್ ವಿಳಾಸವೋ ಇದ್ದರೆ ಅದೂ ಕನ್ನಡದ ತುಣುಕುಗಳಾಗಿ ಒಡೆದುಹೋಗುತ್ತದೆ. ಆ ಜಾಗಗಳನ್ನು ಹುಡುಕಿ ತಿದ್ದುವುದು ಇವತ್ತಿಗೂ ಕಣ್ಣಿನಿಂದ ಓದಿಯೇ ಆಗಬೇಕಾದ ಕೆಲಸ.